ಕ್ಷ-ಕಿರಣ ಸ್ಫಟಿಕಶಾಲೆಯೂ ದಾಸೋಹಧರ್ಮವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ಮಠದ ಮಹೋತ್ಸವದಲ್ಲಿ ವಿಶ್ವವಿದ್ಯಾನಿಲಯದ ಯಂತ್ರಶಾಲೆಯ ಮಾತೇಕೆಂದು ಕೆಲವರಿಗೆ ತೋರಬಹುದು. ಹಲವರು ಕೂಡಿ ಒಂದೇ ಉಪಕರಣವನ್ನು ಬಳಸುವಲ್ಲಿ ಏಳುವ ಪ್ರಶ್ನೆಗಳು, ಹಲವರು ಕೂಡಿ ಒಂದೇ ಪಂಕ್ತಿಯಲ್ಲಿ ಉಣ್ಣುವಲ್ಲಿಯೂ ಏಳುತ್ತವೆ. ಸರದಿ ಯಾರದು? ಉಗ್ರಾಣದ ಹೊಣೆ ಯಾರದು? ಬೇಯಿಸಿದವರನ್ನೂ ಬಡಿಸಿದವರನ್ನೂ ನೆನೆಯುವವರು ಯಾರು? ದಾಸೋಹವನ್ನು ಶತಮಾನಗಳಿಂದ ನಡೆಸಿಕೊಂಡು ಬಂದ ಪರಂಪರೆಗೆ ಈ ವಿಚಾರವು ಪರಕೀಯವಾದುದಲ್ಲ.

ಮೊದಲು ಆ ಶಾಲೆಯ ಕೆಲಸವನ್ನು ಅರಿಯಬೇಕು. 1895ರಲ್ಲಿ ಜರ್ಮನಿಯ ರಂಟ್‌ಗೆನ್ ಎಂಬ ಪಂಡಿತರು ಕ್ಷ-ಕಿರಣಗಳನ್ನು ಕಂಡುಹಿಡಿದರು. 1912ರಲ್ಲಿ ಮ್ಯೂನಿಕ್ ನಗರದಲ್ಲಿ ಲಾವೆ ಎಂಬವರ ಸೂಚನೆಯ ಮೇರೆಗೆ ಫ್ರೀಡ್ರಿಕ್, ಕ್ನಿಪಿಂಗ್ ಎಂಬಿಬ್ಬರು ಆ ಕಿರಣಗಳನ್ನು ಸ್ಫಟಿಕದ ಮೂಲಕ ಹಾಯಿಸಲು, ಛಾಯಾಫಲಕದ ಮೇಲೆ ಕ್ರಮಬದ್ಧವಾದ ಚುಕ್ಕೆಗಳು ಮೂಡಿದವು. ಮರುವರ್ಷವೇ ಇಂಗ್ಲೆಂಡಿನ ಬ್ರ್ಯಾಗ್ ತಂದೆ ಮಕ್ಕಳು, ಅಂತಹ ಚುಕ್ಕೆಗಳ ಸ್ಥಾನವನ್ನೂ ತೀಕ್ಷ್ಣತೆಯನ್ನೂ ಅಳೆದು, ಸ್ಫಟಿಕದೊಳಗೆ ಪರಮಾಣುಗಳು ಹೇಗೆ ನೆಲೆಗೊಂಡಿವೆಯೆಂದು ಗಣಿಸುವ ದಾರಿಯನ್ನು ತೋರಿದರು. ನೆಲದ ಮೇಲೆ ಬಿದ್ದ ನೆರಳನ್ನು ನೋಡಿ ಜಾಲಂಧ್ರದ ಕೆತ್ತನೆಯನ್ನು ಬಿಡಿಸುವಂತಹ ಕಾರ್ಯವಿದು.

ಈ ಕಿರಣಗಳನ್ನು ಪಡೆಯಲು ತಾಮ್ರದ ಗುರಿಯ ಮೇಲೆ ಎಲೆಕ್ಟ್ರಾನುಗಳನ್ನು ರಭಸದಿಂದ ಅಪ್ಪಳಿಸಬೇಕು. ಹಾಗೆ ವ್ಯಯವಾಗುವ ಶಕ್ತಿಯಲ್ಲಿ ನೂರಕ್ಕೆ 99 ಪಾಲಿನಷ್ಟು ಬರಿಯ ತಾಪವಾಗಿ ಹೋಗುವುದರಿಂದ, ಗುರಿಯ ಹಿಂದೆ ಹರಿಯುವ ತಣ್ಣೀರು ನಿಂತರೆ ಗುರಿಯೇ ಕೆಡುವುದು. ಕೊಳವೆಯೊಳಗೆ ಗಾಳಿಯಿರಕೂಡದು. ಪ್ರೋಟೀನಿನ ಸ್ಫಟಿಕವನ್ನು ಕಿರಣಗಳು ಬೇಗನೆ ಕೆಡಿಸುವುದರಿಂದ, ದ್ರವ ನೈಟ್ರೋಜನ್ನಿನ ನೆರವಿನಿಂದ ಅದನ್ನು ಸೊನ್ನೆಗಿಂತ ಸುಮಾರು 173 ಡಿಗ್ರಿ ಕೆಳಗೆ ತಣಿಸಿಡುವುದು ಇಂದಿನ ವಾಡಿಕೆ. ನೀರು, ವಿದ್ಯುತ್ತು, ನಿರ್ವಾತ, ಶೈತ್ಯ ಈ ನಾಲ್ಕನ್ನೂ ಕಾಯುವ ಪಾಲಕನೊಬ್ಬನು ಇಲ್ಲದಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಕಬ್ಬಿಣದ ರಾಶಿಯೇ ಸರಿ. ಅಧ್ಯಾಪಕನಿಗೊಂದರಂತೆ ಇಂತಹ ಯಂತ್ರಗಳನ್ನು ಕೊಳ್ಳುವುದು ವಿಶ್ವವಿದ್ಯಾನಿಲಯಗಳಿಗೆ ಅಸಾಧ್ಯ. ಆದುದರಿಂದ ರಸಾಯನಶಾಸ್ತ್ರದವರೂ ಭೌತಶಾಸ್ತ್ರದವರೂ ಜೀವಶಾಸ್ತ್ರದವರೂ ಒಂದನ್ನೇ ಹಂಚಿಕೊಳ್ಳುವರು.

ಹಂಚಿಕೆಯ ಮೊದಲ ಧರ್ಮವು ಸರದಿ. ಆದರೆ ಎಲ್ಲರಿಗೂ ಸಮನಾಗಿ ಗಂಟೆಗಳನ್ನು ಅಳೆದುಕೊಟ್ಟ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ಉಪ್ಪಿನಂತೆ ಗಟ್ಟಿಯಾದ ಸ್ಫಟಿಕವು ತಿಂಗಳು ಕಾದರೂ ಕೆಡದು. ತಿಂಗಳುಗಟ್ಟಲೆ ಶ್ರಮಿಸಿ ಬೆಳೆಸಿದ ಪ್ರೋಟೀನಿನ ಸ್ಫಟಿಕವು ಒಂದೆರಡು ದಿನಗಳಲ್ಲಿಯೇ ಹಾಳಾದೀತು. ದೂರದಿಂದ ಹಸಿದು ಬಂದವನಿಗೆ ಮೊದಲು ಎಲೆ ಹಾಕುವಂತೆ, ಕಾಯಲಾರದ ಸ್ಫಟಿಕಕ್ಕೆ ಮೊದಲು ಎಡೆಗೊಡಬೇಕು. ಕಾಯಬಲ್ಲವನು ತಾನಾಗಿಯೇ ಹಿಂದೆ ಸರಿಯಬೇಕು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಲಕ್ಕಮ್ಮನ ವಿವೇಕವು ಇಲ್ಲಿ ನೆನಪಾಗತಕ್ಕದ್ದು.

ಎರಡನೆಯದು ದಿನಚರಿಯ ಪುಸ್ತಕ. ಒಬ್ಬ ವಿದ್ಯಾರ್ಥಿಯ ಕೈ ತಗಲಿ ಯಂತ್ರದ ನೇರವು ತಪ್ಪುವುದು. ಬೈಗುಳಕ್ಕೆ ಅಂಜಿ ಅವನು ಬರೆದಿಡದೆ ಹೋಗುವನು. ಅದೇ ರಾತ್ರಿ ಬಂದ ಮತ್ತೊಬ್ಬಳು ತನ್ನಲ್ಲಿದ್ದ ಒಂದೇ ಸ್ಫಟಿಕವನ್ನು ವೃಥಾ ಕಳೆದುಕೊಳ್ಳುವಳು. ಅಪರಾಧವು ಅಂಜಿದವನದೆಷ್ಟೋ, ಅಂಜಿಸಿದವರದೂ ಅಷ್ಟೇ. ತಪ್ಪನ್ನು ನಿರ್ಭಯವಾಗಿ ಬರೆದಿಡಬಲ್ಲ ವಾತಾವರಣವನ್ನು ಕಲ್ಪಿಸುವುದು ಮುಖ್ಯಸ್ಥನ ಕರ್ತವ್ಯ.

ಮೂರನೆಯದು ಹೊಣೆಯ ಮೇರೆಯನ್ನು ಎಲ್ಲರೆದುರು ಸ್ಪಷ್ಟಪಡಿಸುವುದು. ಇದು ತಪ್ಪಿದಾಗ ಏನಾಗುವುದೆಂಬುದಕ್ಕೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ವೃತ್ತಾಂತವೇ ಸಾಕ್ಷಿ. ಅಲ್ಲಿಯ ಮುಖ್ಯಸ್ಥರಾದ ರ‍್ಯಾಂಡಲ್ಲರು 1950ರ ಡಿಸೆಂಬರಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಗೆ ಪತ್ರ ಬರೆದು, ಡಿಎನ್‌ಎ ಕುರಿತ ಕ್ಷ-ಕಿರಣಕಾರ್ಯವು ಆಕೆಗೂ ಗಾಸ್ಲಿಂಗ್ ಎಂಬ ವಿದ್ಯಾರ್ಥಿಗೂ ಸೇರಿದುದೆಂಬ ಅರ್ಥ ಬರುವಂತೆ ತಿಳಿಸಿದರು. ಅದೇ ಕಾರ್ಯದಲ್ಲಿ ಮೊದಲೇ ತೊಡಗಿದ್ದ ವಿಲ್ಕಿನ್ಸರಿಗೆ ಆ ಪತ್ರದ ಸಂಗತಿಯೇ ತಿಳಿಯದು. ಇಬ್ಬರೂ ಯೋಗ್ಯರು, ಇಬ್ಬರ ನಡುವೆಯೂ ವೈಮನಸ್ಯ ಬೆಳೆಯಿತು. 1952ರ ಮೇ ತಿಂಗಳಿನಲ್ಲಿ ಫ್ರಾಂಕ್ಲಿನ್ನರ ಮಾರ್ಗದರ್ಶನದಲ್ಲಿ ಗಾಸ್ಲಿಂಗರು ತೆಗೆದ 51ನೆಯ ಸಂಖ್ಯೆಯ ಚಿತ್ರವನ್ನು, 1953ರ ಜನವರಿಯಲ್ಲಿ ವಿಲ್ಕಿನ್ಸರು ಕೇಂಬ್ರಿಡ್ಜಿನ ವಾಟ್ಸನ್ನರಿಗೆ ತೋರಿಸಿದರು. ಫ್ರಾಂಕ್ಲಿನ್ನರಿಗೆ ಅದರ ಅರಿವಿರಲಿಲ್ಲ. ಅದೇ ವರ್ಷದ ಏಪ್ರಿಲ್ 25ರಂದು ವಾಟ್ಸನ್, ಕ್ರಿಕ್ ಇಬ್ಬರ ಜೋಡಿಸುರುಳಿಯ ಲೇಖನವು ಪ್ರಕಟವಾಯಿತು. ಫ್ರಾಂಕ್ಲಿನ್ನರು 1958ರಲ್ಲಿ, 37ನೆಯ ವಯಸ್ಸಿನಲ್ಲಿಯೇ ಗತಿಸಿದರು. 1962ರಲ್ಲಿ ನೊಬೆಲ್ ಪಾರಿತೋಷಕವು ಉಳಿದ ಮೂವರಿಗೆ ಸಂದಿತು. ಆಕೆಯ ಶ್ರಮದ ಪೂರ್ಣ ಬೆಲೆಯನ್ನು ಲೋಕವು ಅರಿತುದು ಬಹುಕಾಲದ ಮೇಲೆ. ಉಗ್ರಾಣದ ಬಾಗಿಲು ತೆರೆದಿದೆಯೆಂದು ಕೇಳದೆ ಎತ್ತಿಕೊಂಡು ಹೋಗುವುದು ದಾಸೋಹವೆನಿಸದು. ಕೊಡುವವರಿಗೆ ತಾವು ಕೊಟ್ಟೆವೆಂಬ ಅರಿವಾದರೂ ಇರಬೇಕಷ್ಟೆ!

ಇದಕ್ಕೆ ಪ್ರತಿಯಾಗಿ ಆಕ್ಸ್‌ಫರ್ಡಿನ ನಿದರ್ಶನವನ್ನು ನೋಡಬಹುದು. ಡೊರೋತಿ ಹಾಡ್‌ಕಿನ್ನರ ಶಾಲೆಯು ಅಲ್ಲಿಯ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದ ಒಂದು ಮೂಲೆಯಲ್ಲಿತ್ತು. ಎತ್ತರದ ಕಿಟಕಿಯ ಬಳಿಯ ಅಟ್ಟವನ್ನೇರಿ ಸೂಕ್ಷ್ಮದರ್ಶಕದಡಿಯಲ್ಲಿ ಸ್ಫಟಿಕವನ್ನು ಸಿದ್ಧಪಡಿಸಿ, ಅದನ್ನು ಕೈಯಲ್ಲಿ ಹಿಡಿದು ಜೋಪಾನವಾಗಿ ಏಣಿಯಿಳಿಯಬೇಕಾಗಿತ್ತು. ಸಂಧಿವಾತದಿಂದ ಬಾಗಿದ ಬೆರಳುಗಳಿಂದಲೇ ಆಕೆ ಪೆನಿಸಿಲಿನ್ನಿನ ರಚನೆಯನ್ನೂ, ಬಿ-12 ಜೀವಸತ್ವದ ರಚನೆಯನ್ನೂ ಬಿಡಿಸಿ 1964ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಇನ್ಸುಲಿನ್ನಿನ ಸ್ಫಟಿಕದ ಚುಕ್ಕೆಗಳನ್ನು ಆಕೆ ಮೊದಲು ಪ್ರಕಟಿಸಿದ್ದು 1935ರಲ್ಲಿ. ಅದರ ರಚನೆಯು ತಿಳಿದುದು 1969ರಲ್ಲಿ. 34 ವರ್ಷಗಳ ತಪಸ್ಸದು. ಆ ಲೇಖನದಲ್ಲಿ ಹತ್ತು ಹೆಸರುಗಳಿವೆ; ಶಾಲೆಯ ಒಡತಿಯ ಹೆಸರು ಎಂಟನೆಯದು.

ಆ ಹತ್ತರಲ್ಲಿ ಐದನೆಯ ಹೆಸರು ವಿಜಯನ್ ಎಂಬವರದು. ಕೇರಳದಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಮಿತ್ರರ ಶಿಷ್ಯರಾಗಿ ಪದವಿ ಪಡೆದು, 1968ರಲ್ಲಿ ಆಕ್ಸ್‌ಫರ್ಡಿಗೆ ಹೋದ ಅವರು 1971ರಲ್ಲಿ ಬೆಂಗಳೂರಿಗೇ ಮರಳಿದರು. ನಮ್ಮ ಹೊಲಗಳ ಶೇಂಗಾಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯು 1994ರಲ್ಲಿ ಅವರ ಬಳಗದಿಂದ ಪ್ರಕಟವಾಯಿತು. ಕೇಂದ್ರ ಸರ್ಕಾರದ ನೆರವಿನಿಂದ ಆ ಸಂಸ್ಥೆಯಲ್ಲಿ ಏರ್ಪಟ್ಟ ಕ್ಷ-ಕಿರಣಶಾಲೆಯು ಹಲವು ಬಳಗಗಳ ಸಂಶೋಧಕರಿಗೆ ಒದಗಿತು. ವಿಜಯನ್ನರು 2022ರಲ್ಲಿ ಕಾಲವಾದರು. ಹಚ್ಚಿದ ದೀಪವು ಉಳಿದಿದೆ.

ಇಲ್ಲಿಗೆ ಹೇಳಬೇಕಾದ ಮಾತು ಒಂದೇ ಉಳಿಯಿತು. ಇಂತಹ ಶಾಲೆಗಳಿಂದ ಹೊರಬೀಳುವ ಲೇಖನಗಳಲ್ಲಿ ವಿದ್ವಾಂಸರ ಹೆಸರುಗಳಿರುತ್ತವೆ. ನಡುರಾತ್ರಿ ವಿದ್ಯುತ್ತು ಹೋದಾಗ ಓಡಿಬಂದು ನೀರಿನ ಹರಿವನ್ನು ನೋಡಿಕೊಂಡವನ ಹೆಸರು ಅನೇಕವೇಳೆ ಇರುವುದಿಲ್ಲ. 12ನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಅಂಬಿಗನೂ ಮಡಿವಾಳನೂ ತಮ್ಮ ಕಾಯಕದ ಹೆಸರಿನಿಂದಲೇ ಇಂದಿಗೂ ಪೂಜ್ಯರು. ಈ ಮಹೋತ್ಸವದಲ್ಲಿಯೂ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಯೋಗ್ಯವೇ. ಅದರ ಜೊತೆಯಲ್ಲಿ, ಪ್ರತಿದಿನವೂ ಬೆಳಗಿನ ಜಾವ ಎದ್ದು ಒಲೆಯನ್ನು ಹೊತ್ತಿಸುವವರ ಹೆಸರನ್ನು ಶಿಷ್ಯರೆಲ್ಲರೂ ಕೇಳಿ ತಿಳಿದುಕೊಂಡು ಮನೆಗೆ ತೆರಳಿದರೆ ಈ ಉಪನ್ಯಾಸವು ಸಾರ್ಥಕವಾಯಿತು.