ಹೊಸ ಮನೆ ಮೊದಲು ಒಣಗಲಿ, ಬಣ್ಣ ಆಮೇಲೆ



ಮನೆ ಕಟ್ಟಿಸುವವರು ಪಾಯಾ ತೋಡುವ ಮೊದಲೇ ತಿಳಿದಿರಬೇಕಾದ ಒಂದು ಸಂಗತಿ ಇದೆ: ಹೊಸ ಗೋಡೆಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ? ಇವತ್ತು ಅದರ ಬಗ್ಗೆ ಮಾತಾಡೋಣ.

ಬೂಷ್ಟು ಮಲೆನಾಡಿನವರ ತಾಪತ್ರಯ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೇ ಹೆಚ್ಚು ಎನ್ನುವ ವಿಜಯಪುರದ ಸೀಮೆಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ ಕನಮಡಿ ಇರಲಿ, ತಿಕೋಟಾ, ಬಬಲೇಶ್ವರ ಇರಲಿ, ಹೊಸ ಮನೆಯ ಗೋಡೆಯೊಳಗಿನ ನೀರು ಬಹುಪಾಲು ಆಕಾಶದಿಂದ ಬಿದ್ದದ್ದಲ್ಲ. ಕಟ್ಟುವಾಗ ನಾವೇ ಹಾಕಿದ್ದು.

ಲೆಕ್ಕ ನೋಡಿ. 50 ಕಿಲೋದ ಒಂದು ಚೀಲ ಸಿಮೆಂಟಿಗೆ ಗೌಂಡಿ ಸುಮಾರು 25 ಲೀಟರ್ ನೀರು ಬೆರೆಸುತ್ತಾನೆ. ಸಿಮೆಂಟು ಗಟ್ಟಿಯಾಗುವಾಗ ತನ್ನೊಳಗೆ ಕಟ್ಟಿಕೊಳ್ಳುವುದು ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಮಾತ್ರ, ಎಂದರೆ ಹನ್ನೆರಡು ಲೀಟರಿನ ಆಸುಪಾಸು. ಉಳಿದದ್ದು ಗೋಡೆಯಲ್ಲೇ ಇದ್ದು, ನಿಧಾನವಾಗಿ ಗಾಳಿಗೆ ಆರಬೇಕು. ಇದರ ಮೇಲೆ ದಿನಾ ಹೊಡೆಯುವ ಕ್ಯೂರಿಂಗ್ ನೀರು ಬೇರೆ. ಅದನ್ನು ಕಡಿಮೆ ಮಾಡುವಂತಿಲ್ಲ. ನಮ್ಮಂಥ ಒಣ ಬಿಸಿಲಿನ ನಾಡಿನಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಹಸಿಯಾಗಿಡಬೇಕು ಎನ್ನುತ್ತದೆ ಭಾರತೀಯ ಮಾನಕ 456. ತಪ್ಪು ನಡೆಯುವುದು ಆಮೇಲೆ. ವಾಸ್ತುಶಾಂತಿಯ ಮುಹೂರ್ತ ಹತ್ತಿರ ಬಂತೆಂದು ಹಸಿ ಗಿಲಾವಿನ ಮೇಲೆ ಪುಟ್ಟಿ ಎಳೆದು, ಪ್ಲಾಸ್ಟಿಕ್ ಬಣ್ಣ ಬಳಿದು, ಪ್ಲೈವುಡ್ ಕಪಾಟು ಹೊಡೆದು ಕಿಟಕಿ ಮುಚ್ಚಿಬಿಡುತ್ತೇವೆ. ನೀರು ಒಳಗೇ ಸಿಕ್ಕಿಬೀಳುತ್ತದೆ.

ಬೂಷ್ಟಿನ ಕಣಗಳು ಎಲ್ಲ ಊರಿನ ಗಾಳಿಯಲ್ಲೂ ಇವೆ. ಬಣ್ಣ, ಧೂಳು, ಪ್ಲೈವುಡ್ಡೇ ಅದಕ್ಕೆ ಆಹಾರ. ಬೇಕಾಗಿರುವುದು ಹಸಿ ಒಂದೇ. ಒಂದೆರಡು ದಿನ ಒದ್ದೆ ಆರದಿದ್ದರೆ ಸಾಕು, ಬೇರು ಬಿಡುತ್ತದೆ. ಟ್ರೆಜರಿ ಕಪಾಟು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಕಾಣುವ ಕಪ್ಪು ಚುಕ್ಕೆಗಳು ಅದೇ ಬೂಷ್ಟು. ಬರೀ ಅಂದ ಕೆಡುವ ಮಾತಲ್ಲ ಇದು. ಹಸಿ ಮತ್ತು ಬೂಷ್ಟು ಇರುವ ಮನೆಯಲ್ಲಿ ಉಬ್ಬಸ, ಕೆಮ್ಮು ಹೆಚ್ಚುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

ಹಸಿ ಆರಲು ಗಾಳಿ ಬೇಕೆಂಬುದನ್ನು ದ್ರಾಕ್ಷಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಣದ್ರಾಕ್ಷಿ ಶೆಡ್ಡಿನ ಬದಿಗಳನ್ನು ತೆರೆದೇ ಇಡುತ್ತೀರಿ, ಬಲೆಯ ಮೇಲೆ ಹರವಿದ ಹಣ್ಣಿನ ಮೇಲೂ ಕೆಳಗೂ ಗಾಳಿ ಆಡಲೆಂದು. ಹಸಿ ಇರುವಾಗಲೇ ಬಾಕ್ಸಿಗೆ ತುಂಬಿದರೆ ಮಾಲು ಕೆಟ್ಟಿತು. ಹೊಸ ಗೋಡೆಗೂ ಅದೇ ನಿಯಮ.

ಹಾಗಾದರೆ ಮಾಡುವುದೇನು? ಗಿಲಾವಿಗೆ ನೀರು ಹೊಡೆಯುವುದು ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಎದುರುಬದುರು ಕಿಟಕಿ ತೆರೆದಿಡಿ. ಆಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಅದೇ ಹೊತ್ತಿಗೆ ಬಿಚ್ಚಿ ನೋಡಿ. ಹಾಳೆಯ ಒಳಮೈಗೆ ಹನಿ ಕೂತಿದ್ದರೆ, ಗೋಡೆ ಕಪ್ಪಾಗಿದ್ದರೆ, ಪುಟ್ಟಿಯವನಿಗೆ ಇನ್ನೂ ಬರಬೇಡ ಎನ್ನಿ. ಸುಣ್ಣ ಬಳಿಯುವುದಾದರೆ ಇನ್ನೂ ಒಳ್ಳೆಯದು. ಸುಣ್ಣದ ಖಾರಕ್ಕೆ ಬೂಷ್ಟು ಸುಲಭಕ್ಕೆ ನಿಲ್ಲದು, ಗೋಡೆಯ ಹಸಿಯೂ ಹೊರಗೆ ಹೋಗುತ್ತದೆ.

ಇನ್ನು ಹೊಸದಾಗಿ ಬರುವ ನೀರಿನ ದಾರಿ ಮುಚ್ಚಬೇಕು. ನೆಲದ ತೇವ ಗೋಡೆಗೆ ಏರದಂತೆ ಪಾಯಾದ ಮೇಲೆ ಡಿಪಿಸಿ ಪಟ್ಟಿ ಹಾಕಿಸಿ. ಎರೆಭೂಮಿ ಮಳೆಯ ನೀರನ್ನು ಬಹಳ ದಿನ ಹಿಡಿದಿಡುವುದರಿಂದ ಅಲ್ಲಿ ಇದು ಬೇಕೇ ಬೇಕು. ಬಚ್ಚಲಿಗೆ ಫರಸಿ ಕೂಡಿಸುವ ಮೊದಲು ಒಂದು ದಿನ ನೀರು ನಿಲ್ಲಿಸಿ, ಸೋರುತ್ತದೆಯೋ ನೋಡಿ. ಮಾಳಿಗೆಗೆ ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಲಿ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತು. ಅಡುಗೆಮನೆಯ ಹಬೆಯೂ ಹೊಗೆಯೂ ಅದರಿಂದಲೇ ಹೊರಬೀಳುತ್ತಿದ್ದವು. ಹೊಸ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ಎಕ್ಸಾಸ್ಟ್ ಫ್ಯಾನು ಆ ಕೆಲಸ ಮಾಡಬೇಕು.

ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡರೆ ನೀರು ಚಿಮುಕಿಸಿ. ಕರಗಿದರೆ ಅದು ಉಪ್ಪು, ಬೂಷ್ಟಲ್ಲ. ಆದರೆ ಎರಡೂ ಹೇಳುವುದು ಒಂದನ್ನೇ, ಗೋಡೆ ಹಸಿ ಇದೆ. ಮೂಲ ಹುಡುಕದೆ ಮೇಲೆ ಬಣ್ಣ ಬಳಿದರೆ ದುಡ್ಡು ದಂಡ.

ಜೀವಮಾನದ ಗಳಿಕೆ ಸುರಿದು ಕಟ್ಟಿಸುವ ಮನೆ. ಮುಹೂರ್ತ ಹುಡುಕುವ ದಿನವೇ ಒಣಗಲು ಬೇಕಾದ ವಾರಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಗೌಂಡಿಗೂ ಬಣ್ಣದವನಿಗೂ ಅದನ್ನು ಮೊದಲೇ ಹೇಳಿಡಿ.