ರಮ್ಯ ಹೆದ್ದಾರಿ: ಫಲಕ ಸರ್ಕಾರದ್ದು, ಹೊಣೆ ಊರಿನದು



ರಸ್ತೆಯೊಂದನ್ನು ‘ರಮ್ಯ ಹೆದ್ದಾರಿ’ ಎಂದು ಘೋಷಿಸಿದೊಡನೆ ಹಣ ಹರಿದುಬರುತ್ತದೆ ಎಂಬ ನಂಬಿಕೆ ಸಾಮಾನ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನುಭವ ಬೇರೆಯೇ ಆಗಿದೆ.

ಸೆನೆಟರ್ ಫ್ರೆಡ್ ಫಾರ್ ಅವರ ಪ್ರಯತ್ನದಿಂದ ಅಲ್ಲಿ 1963ರಲ್ಲಿ ಈ ಕುರಿತ ಕಾನೂನು ಬಂದಿತು. ಅರ್ಹ ಹೆದ್ದಾರಿಗಳ ಪಟ್ಟಿ ಕಾನೂನಿನಲ್ಲಿಯೇ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನ್ನಣೆ ದೊರೆಯದು. ಆಯಾ ನಗರಸಭೆ ಅಥವಾ ಕೌಂಟಿ ಎಂಬ ಚುನಾಯಿತ ಸ್ಥಳೀಯ ಆಡಳಿತವು ರಸ್ತೆಯ ಇಕ್ಕೆಲಗಳ ರಕ್ಷಣಾ ಯೋಜನೆಯೊಂದನ್ನು ಅಂಗೀಕರಿಸಬೇಕು. ಅದರಲ್ಲಿ ಐದು ಅಂಶಗಳಿರಬೇಕು: ಭೂಬಳಕೆ ಹಾಗೂ ಕಟ್ಟಡಗಳ ದಟ್ಟಣೆಗೆ ಮಿತಿ, ನಿವೇಶನಗಳ ವಿವರವಾದ ಯೋಜನೆ, ಜಾಹೀರಾತು ಫಲಕಗಳ ಹತೋಟಿ, ಮಣ್ಣು ಅಗೆಯುವಲ್ಲಿ ಮತ್ತು ಗಿಡಮರಗಳ ವಿಷಯದಲ್ಲಿ ಎಚ್ಚರ, ಕಟ್ಟಡಗಳ ರೂಪ. ಅನಂತರವೇ ರಾಜ್ಯದ ಸಾರಿಗೆ ಇಲಾಖೆ ಮನ್ನಣೆ ನೀಡುತ್ತದೆ. ನಿಯಮಗಳು ಜಾರಿಯಾಗದಿದ್ದರೆ ಮನ್ನಣೆಯನ್ನು ಹಿಂಪಡೆಯಲೂ ಅವಕಾಶವಿದೆ.

ಇನ್ನು ಹಣದ ಮಾತು. ಅಮೆರಿಕದ ಕೇಂದ್ರ ಸರ್ಕಾರ 1991ರಲ್ಲಿ ಇಂತಹ ರಸ್ತೆಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಸಾಮಾನ್ಯವಾಗಿ ವೆಚ್ಚದ ಶೇಕಡಾ 80 ಭಾಗ ಕೇಂದ್ರದ್ದು, 20 ಭಾಗ ರಾಜ್ಯದ ಅಥವಾ ಸ್ಥಳೀಯರದ್ದು. ಮಾಹಿತಿ ಫಲಕ, ವಾಹನ ತಂಗುದಾಣ, ರಕ್ಷಣಾ ಯೋಜನೆಗಳ ತಯಾರಿ ಮುಂತಾದ 3,000ಕ್ಕೂ ಹೆಚ್ಚು ಕೆಲಸಗಳು ಈ ಅನುದಾನದಿಂದ ನಡೆದವು. ಆದರೆ 2012ರ ಸಾರಿಗೆ ಕಾನೂನು ಅದರ ಪ್ರತ್ಯೇಕ ಅನುದಾನವನ್ನೇ ಕೈಬಿಟ್ಟಿತು. 2019ರ ಹೊಸ ಕಾನೂನು ರಸ್ತೆಗಳ ಆಯ್ಕೆಗೆ ಮರುಜೀವ ನೀಡಿತು. ಬಳಿಕ ಅನುದಾನವೂ ಅಲ್ಪ ಪ್ರಮಾಣದಲ್ಲಿ ಮರಳಿತು. ನಡುವಿನ ವರ್ಷಗಳಲ್ಲಿ ಹೆದ್ದಾರಿಗಳ ಚೆಲುವನ್ನು ಕಾಯ್ದದ್ದು ಹಣವಲ್ಲ, ಸ್ಥಳೀಯ ನಿಯಮಗಳು.

ಮನ್ನಣೆಗೂ ಮಿತಿಯಿದೆ. ಬಿಗ್ ಸರ್ ಕಡಲತೀರದ ಒಂದನೆಯ ಹೆದ್ದಾರಿ ರಾಜ್ಯದ ಮನ್ನಣೆಯನ್ನೂ ರಾಷ್ಟ್ರದ ಮನ್ನಣೆಯನ್ನೂ ಪಡೆದ ರಸ್ತೆ. 2017ರ ಮೇ ತಿಂಗಳಲ್ಲಿ ಅಲ್ಲಿನ ಮಡ್ ಕ್ರೀಕ್ ಎಂಬಲ್ಲಿ ಗುಡ್ಡ ಕುಸಿದು ರಸ್ತೆಯನ್ನು ಹೂತುಹಾಕಿತು. ಮತ್ತೆ ಸಂಚಾರ ಆರಂಭವಾದದ್ದು 2018ರ ಜುಲೈನಲ್ಲಿ. ಸುಂದರವೆಂಬ ಬಿರುದು ಗುಡ್ಡವನ್ನು ಹಿಡಿದು ನಿಲ್ಲಿಸಲಾರದು. ರಸ್ತೆ ಮುಚ್ಚಿದಾಗ ಪ್ರವಾಸಿಗರು ಬೇರೆಡೆಗೆ ಹೋಗುತ್ತಾರೆ. ಶಾಲೆ, ಆಸ್ಪತ್ರೆ, ಪೇಟೆಗಳಿಗೆ ದಾರಿಯಿಲ್ಲದೆ ಉಳಿಯುವವರು ಅಲ್ಲಿಯ ನಿವಾಸಿಗಳು.

ಘಟ್ಟದ ರಸ್ತೆಗೆ ಇಂತಹ ಹೆಸರು ಕೊಡುವ ಪ್ರಸ್ತಾಪ ಎಲ್ಲಿಯೇ ಬರಲಿ, ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಇಕ್ಕೆಲಗಳ ಭೂಮಿಯ ನಿಯಮವನ್ನು ರೂಪಿಸುವವರು ಯಾರು? ಅನುದಾನ ನಿಂತ ಮೇಲೆ ನಿರ್ವಹಣೆ ಯಾರದು? ನಿಯಮ ಮುರಿದರೆ ಹೆಸರನ್ನು ಹಿಂಪಡೆಯುವ ಧೈರ್ಯ ಯಾರಿಗಿದೆ? ಇವಕ್ಕೆ ಲಿಖಿತ ಉತ್ತರ ದೊರೆಯುವವರೆಗೆ ಫಲಕ ನೆಡಲು ಅವಸರ ಬೇಡ.