ಸ್ವತಂತ್ರ ತಂತ್ರಾಂಶವೂ ಹಾಡಿನ ಕಡತವೂ
(ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವ ಗಣಕಯಂತ್ರಗಳು ಗ್ನೂ/ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುತ್ತವೆಂಬುದು ತಮಗೆ ತಿಳಿದ ವಿಷಯ. ‘ಸ್ವತಂತ್ರ’ವೆಂದರೆ ಪುಕ್ಕಟೆಯೆಂದಷ್ಟೇ ಅನೇಕರು ಭಾವಿಸಿದ್ದಾರೆ. ಆ ತಿಳಿವಳಿಕೆ ಅಪೂರ್ಣವಾದುದು.

1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರ ಮತದಂತೆ ಸ್ವಾತಂತ್ರ್ಯಗಳು ನಾಲ್ಕು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದರ ರಚನೆಯನ್ನು ಅಭ್ಯಸಿಸಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು.

ಆದರೆ ಬರೆದವನು ಉದಾರಿಯಾದರೆ ಸಾಲದು. ಕೃತಿಸ್ವಾಮ್ಯವು ಬರೆದ ವಾಕ್ಯಗಳನ್ನು ಕಾಯುತ್ತದೆ. ಪೇಟೆಂಟ್ ವಿಧಾನವನ್ನೇ ಕಾಯುತ್ತದೆ. ಯಾರದನ್ನೂ ನಕಲು ಮಾಡದೆ ಸ್ವಬುದ್ಧಿಯಿಂದ ಲೆಕ್ಕ ಬಿಡಿಸಿದವನೂ ಅದೇ ವಿಧಾನವನ್ನು ಹಿಡಿದಿದ್ದರೆ ಪೇಟೆಂಟಿನ ಕಟ್ಟಿಗೆ ಒಳಗಾಗುತ್ತಾನೆ.

ಎಂ.ಪಿ.3 ಇದಕ್ಕೆ ನಿದರ್ಶನ. ಕಿವಿಗೆ ಗೋಚರಿಸದ ಅಂಶಗಳನ್ನು ಬಿಟ್ಟು, ಧ್ವನಿಯ ಕಡತವನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಸುವ ಈ ವಿಧಾನದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪರಿಶ್ರಮ ದೊಡ್ಡದು. ಶ್ರಮಕ್ಕೆ ಪ್ರತಿಫಲ ಬೇಕೆಂಬುದು ನ್ಯಾಯವೇ. 1998ರಲ್ಲಿ ಆ ಸಂಸ್ಥೆಯು ಉಚಿತ ತಂತ್ರಾಂಶ ಬರೆದವರಿಂದಲೂ ಪರವಾನಗಿ ಶುಲ್ಕವನ್ನು ಕೇಳಿತು. ಯಾರು ಬೇಕಾದರೂ ಪ್ರತಿಮಾಡಿ ಹಂಚಬಹುದಾದ ವಸ್ತುವಿಗೆ ಪ್ರತಿಯೊಂದಕ್ಕೆ ಇಷ್ಟೆಂದು ಲೆಕ್ಕವಿಡುವವರು ಯಾರು? ಆದುದರಿಂದ 2002ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ ತನ್ನ 8.0 ಆವೃತ್ತಿಯಿಂದ ಎಂ.ಪಿ.3 ನುಡಿಸುವ ಸೌಕರ್ಯವನ್ನೇ ತೆಗೆದುಹಾಕಿತು. ಯಂತ್ರಕ್ಕೆ ಶಕ್ತಿಯಿತ್ತು, ಅನುಮತಿಯಿರಲಿಲ್ಲ.

ಸ್ವತಂತ್ರ ತಂತ್ರಾಂಶದವರು ಕೈಕಟ್ಟಿ ಕೂರಲಿಲ್ಲ. ಕ್ಸಿಫ್ ಸಂಸ್ಥೆಯವರು ಶುಲ್ಕರಹಿತವಾದ ವೋರ್ಬಿಸ್ ವಿಧಾನವನ್ನು ರಚಿಸಿ, 2002ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಪೇಟೆಂಟಿಗೂ ಆಯುಷ್ಯ ಉಂಟು. 2017ರ ಏಪ್ರಿಲಿನಲ್ಲಿ ಎಂ.ಪಿ.3 ಪರವಾನಗಿಯ ವ್ಯವಸ್ಥೆಯು ಕೊನೆಗೊಂಡಿತು. ಧ್ವನಿಯ ತೊಡಕು ಬಿಟ್ಟರೂ ಚಲಚ್ಚಿತ್ರದ್ದು ಬಿಟ್ಟಿಲ್ಲ: ಹೆಚ್.265 ಎಂಬ ವಿಧಾನ ಇಂದಿಗೂ ಪೇಟೆಂಟುಗಳಿಗೆ ಒಳಪಟ್ಟಿದೆ. ಅದಕ್ಕೆ ಪ್ರತಿಯಾಗಿ ಎ.ವಿ.1 ಎಂಬ ಶುಲ್ಕರಹಿತ ವಿಧಾನವು 2018ರಲ್ಲಿ ಬಂದಿದೆ.

ನಮ್ಮ ದೇಶದ 1970ರ ಪೇಟೆಂಟ್ ಶಾಸನವು, 2002ರ ತಿದ್ದುಪಡಿಯ ಅನಂತರ, ಗಣಿತ ವಿಧಾನವನ್ನಾಗಲಿ ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನಾಗಲಿ ಆವಿಷ್ಕಾರವೆಂದು ಗಣಿಸುವುದಿಲ್ಲ. ಇದು ವಿವೇಕದ ಮಾತು.

ಇದರಿಂದ ನಮಗೇನು ಎಂದು ಕೇಳುವಿರಾ? ಗಡಿನಾಡಿನ ನಮ್ಮ ಅಜ್ಜಿಯರ ಹಾಡು, ಹಿರಿಯರ ತಾಳಮದ್ದಳೆಯ ಅರ್ಥಗಾರಿಕೆ ಅಚ್ಚಾಗಿರುವುದು ಅಲ್ಪ. ಧ್ವನಿಯಲ್ಲಿ ಉಳಿಯಬೇಕಾದುದೇ ಹೆಚ್ಚು. ಅವನ್ನು ಒಬ್ಬ ವ್ಯಾಪಾರಿಯ ಯಂತ್ರದಲ್ಲಿ ಮಾತ್ರ ತೆರೆಯುವ ರೂಪದಲ್ಲಿಟ್ಟರೆ, ಅವನು ಅಂಗಡಿ ಮುಚ್ಚಿದಂದು ನಮ್ಮ ಹಾಡೂ ಮುಚ್ಚೀತು. ಮಕ್ಕಳೇ, ಮೂಲಪ್ರತಿಯನ್ನು ಫ್ಲ್ಯಾಕ್‌ನಂತಹ ಮುಕ್ತ ರೂಪದಲ್ಲಿಡಿರಿ. ಅದರಲ್ಲಿ ಧ್ವನಿಯ ಯಾವ ಅಂಶವೂ ನಷ್ಟವಾಗದು. ಪೋಷಕರೇ, ಈ ರಜೆಯಲ್ಲಿ ಮನೆಯ ಹಿರಿಯರ ಒಂದು ಹಾಡನ್ನಾದರೂ ಮಕ್ಕಳಿಂದ ಮುದ್ರಿಸಿಕೊಳ್ಳುವಂತೆ ಮಾಡಿರೆಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.